ಅಗೆಯುವ ಮುನ್ನ

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಇಲ್ಲಿನ ಶಿಲೆಗಳಲ್ಲಿ ಬಹುಪಾಲು, ಕಲ್ಲಿದ್ದಲಾಗಿ ಮಾರ್ಪಡಬಲ್ಲ ಅರಣ್ಯಗಳು ಭೂಮಿಯ ಮೇಲೆ ತಲೆಯೆತ್ತುವುದಕ್ಕಿಂತ ಬಹು ಹಿಂದೆಯೇ ರೂಪುಗೊಂಡಂಥವು. ಆದರೆ ಆ ಪುರಾತನ ಶಿಲೆಗಳೇ ನಾಡಿಗೆ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳನ್ನು ಕೊಟ್ಟಿವೆ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ಗುಬ್ಬಿ ಸೀಮೆಯ ಗುಡ್ಡಗಳಲ್ಲಿ ಅದಿರಿದೆ. ಗುಡ್ಡಗಳ ತಪ್ಪಲಿನಲ್ಲಿ ತೆಂಗು, ಅಡಿಕೆ, ರಾಗಿಗಳನ್ನು ಬೆಳೆಯುವ ಕೆಂಪು ನೆಲವಿದೆ. ಕಲ್ಲಿದ್ದಲಿರಲಿ, ಕಬ್ಬಿಣವಿರಲಿ, ಗಣಿಯನ್ನು ತೆರೆಯುವಾಗ ಮೊದಲು ಕಿತ್ತುಹೋಗುವುದು ಅನ್ನ ಕೊಡುವ ಮೇಲ್ಮಣ್ಣು. ಆದುದರಿಂದ ಅಗೆಯುವ ಮುನ್ನ ಆ ಮಣ್ಣನ್ನು ಸಮೀಕ್ಷೆ ಮಾಡಿ, ಪರೀಕ್ಷಿಸಿ, ಫಲಿತಾಂಶವನ್ನು ಬರೆದಿಡುವುದು ಗಣಿಗಾರಿಕೆಯ ಮೊದಲ ಹೊಣೆಯಾಗಬೇಕು.

ಈ ಕಾರ್ಯವು ಅಸಾಧ್ಯವಾದುದಲ್ಲ. ಸಮೀಕ್ಷಕರು ಇಳಿಜಾರು, ಬಣ್ಣ, ಬೆಳೆಗಳ ವ್ಯತ್ಯಾಸವನ್ನು ಗಮನಿಸಿ ನೆಲವನ್ನು ಭಾಗಗಳಾಗಿ ವಿಂಗಡಿಸುತ್ತಾರೆ. ಅಲ್ಲಲ್ಲಿ ಆಳವಾದ ಗುಂಡಿಗಳನ್ನು ತೋಡಿ ಮಣ್ಣಿನ ಪದರಗಳ ದಪ್ಪವನ್ನೂ ಬೇರುಗಳು ಇಳಿದಿರುವ ಆಳವನ್ನೂ ಗುರುತಿಸುತ್ತಾರೆ. ಬಳಿಕ ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಹಲವೆಡೆಗಳಲ್ಲಿ ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸುತ್ತಾರೆ. ಅದನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತ, ಅರ್ಧ ಕಿಲೋಗ್ರಾಂ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಮತ್ತು ಲೋಹಗಳ ಪ್ರಮಾಣವು ತಿಳಿಯುತ್ತದೆ. ರಸಸಾರವು 7 ಇದ್ದರೆ ಮಣ್ಣು ತಟಸ್ಥ. ಅದಕ್ಕಿಂತ ಕಡಮೆಯಾದರೆ ಆಮ್ಲೀಯ.

ಈ ಅಂಕಿಗಳು ಏಕೆ ಬೇಕು? ಕೆಲವು ಕಲ್ಲಿದ್ದಲಿನ ನೆಲಗಳಲ್ಲಿ ಗಂಧಕಯುಕ್ತ ಖನಿಜಗಳಿರುತ್ತವೆ. ಅವು ಗಾಳಿ ಮತ್ತು ನೀರುಗಳ ಸಂಪರ್ಕದಿಂದ ಆಮ್ಲವನ್ನು ಉಂಟುಮಾಡುತ್ತವೆ. ಮೇಘಾಲಯದ ಜೈಂತಿಯಾ ಗುಡ್ಡಗಳಲ್ಲಿ ಹೊಳೆಗಳ ನೀರು ಹೀಗೆ ಕೆಟ್ಟಿತು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಅಲ್ಲಿನ ಇಲಿಬಿಲದಂಥ ಗಣಿಗಳನ್ನು ನಿಷೇಧಿಸಿತು. ಕಬ್ಬಿಣದ ಗಣಿಯ ತೊಂದರೆ ಬೇರೆ ಬಗೆಯದು: ಧೂಳು ಮತ್ತು ಕೊಚ್ಚಿಬರುವ ಮಣ್ಣು. ಇಳುವರಿ ಕುಗ್ಗಿದಾಗ ರೈತನು ಗಣಿಯನ್ನು ದೂರುತ್ತಾನೆ. ಗಣಿಯವರು ನೆಲವೇ ಮೊದಲಿನಿಂದ ಬಡವೆನ್ನುತ್ತಾರೆ. ಆಗ ಸತ್ಯವನ್ನು ನುಡಿಯಬಲ್ಲ ಸಾಕ್ಷಿಯೆಂದರೆ ಅಗೆಯುವ ಮುನ್ನ ಬರೆದಿಟ್ಟ ದಾಖಲೆಯೇ.

ಸಮೀಕ್ಷೆಯಿಂದ ಕೆಲಸ ತಡವಾಗುತ್ತದೆ, ಉದ್ಯೋಗಗಳು ಕೈತಪ್ಪುತ್ತವೆ ಎಂದು ವಾದಿಸುವವರುಂಟು. ಉದ್ಯೋಗದ ಅವಶ್ಯಕತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವಸರದ ಫಲವನ್ನು ಈ ಜಿಲ್ಲೆಯೇ ಕಂಡಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲು ಬಳ್ಳಾರಿಯಲ್ಲಿಯೂ ಅನಂತರ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿಯೂ ಕಬ್ಬಿಣದ ಗಣಿಗಾರಿಕೆಯನ್ನು ತಡೆಯಿತು. 2013ರ ತೀರ್ಪಿನಲ್ಲಿ ತೀವ್ರ ಅಕ್ರಮವೆಸಗಿದ್ದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಉಳಿದವಕ್ಕೆ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನು ಕಡ್ಡಾಯಗೊಳಿಸಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಮೊದಲೇ ಆಗಬೇಕಾಗಿದ್ದ ಎಚ್ಚರವು ಕೊನೆಯಲ್ಲಿ ಬಂದಿತು. ಅಂದು ಕೆಲಸವನ್ನು ಕಳೆದುಕೊಂಡವರಲ್ಲಿ ತಪ್ಪಿಲ್ಲದ ಕೂಲಿಕಾರರೂ ಇದ್ದರು.

ಸಮೀಕ್ಷೆಯು ಗುತ್ತಿಗೆಯ ಗಡಿಯೊಳಗೆ ಮುಗಿಯಲಾಗದು. ಶಿಂಷಾ ನದಿಯು ದೇವರಾಯನದುರ್ಗದ ಬಳಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಮೇಲಿನ ಹಳ್ಳಿಯಲ್ಲಿ ಸಡಿಲಗೊಂಡ ಮಣ್ಣು ಕೆಳಗಿನ ಹಳ್ಳಿಯ ಕೆರೆಯಲ್ಲಿ ಹೂಳಾಗುತ್ತದೆ. ನೀರಿಗೆ ತಾಲ್ಲೂಕಿನ ಎಲ್ಲೆ ತಿಳಿಯದು.

ಆದುದರಿಂದ ಗ್ರಾಮಸ್ಥರ ಕಣ್ಣೆದುರಿನಲ್ಲಿಯೇ ಮಣ್ಣಿನ ಮಾದರಿಯನ್ನು ತೆಗೆಯಬೇಕು. ವರದಿಯು ತುಮಕೂರು ನಗರದ ಕಚೇರಿಯ ಕಡತದಲ್ಲಷ್ಟೇ ಉಳಿಯದೆ, ತಿಳಿಗನ್ನಡದಲ್ಲಿ ರೈತನ ಕೈಗೂ ಸೇರಬೇಕು. ಫಲಿತಾಂಶವು ಪ್ರತಿಕೂಲವಾದರೆ ಗಣಿಯ ಎಲ್ಲೆಯನ್ನು ಬದಲಿಸುವ, ಅಗತ್ಯವಾದರೆ ಗಣಿಯನ್ನೇ ಕೈಬಿಡುವ ಧೈರ್ಯವೂ ಬೇಕು; ಇಲ್ಲವಾದರೆ ಪರೀಕ್ಷೆಯು ಬರಿಯ ಶಾಸ್ತ್ರವಾಗುತ್ತದೆ. ಅದಿರು ಒಂದು ತಲೆಮಾರಿನಲ್ಲಿ ಬರಿದಾಗಬಹುದು. ಒಂದಂಗುಲ ಮಣ್ಣು ಮೂಡಲು ನೂರಾರು ವರ್ಷಗಳು ಬೇಕು. ಅಗೆಯುವ ಕೈ ಈ ಲೆಕ್ಕವನ್ನು ಮರೆಯಬಾರದು.