ವೆನಿಲ್ಲಾ ಘಮದ ಹಿಂದಿರುವ ಎಲೆ

ಪೈಪ್ ಅಂದ್ರೆ ಒಂದು ಗತ್ತು ಅಂತ ಈಗಿನ ಹುಡುಗರಿಗೂ ಅನಿಸುತ್ತೆ. ಷರ್ಲಾಕ್ ಹೋಮ್ಸ್ ಚಿತ್ರ ನೋಡಿ ಬೆಳೆದವರಲ್ವಾ ನಾವೆಲ್ಲ! ನನ್ನ ಆಫೀಸಿನ ಗೆಳೆಯನೊಬ್ಬ ಈಚೆಗೆ ಸಿಗರೇಟು ಬಿಟ್ಟು ಪೈಪ್ ಹಿಡಿದಿದ್ದಾನೆ. ನಾನು ಪಿರಿಯಾಪಟ್ಟಣದ ಕಡೆಯವನು, ಹೊಗೆಸೊಪ್ಪು ಬೆಳೆಯೋ ಮನೆಯವನು ಅಂತ ಗೊತ್ತಾದ ಮೇಲೆ ಅವನದು ಒಂದೇ ಪ್ರಶ್ನೆ: "ಯಾವ ಬ್ಲೆಂಡ್ ಒಳ್ಳೇದು ಗುರೂ?"

ನಾನು ಸೇದಲ್ಲ. ಆದರೆ ಎಲೆಯ ಬಗ್ಗೆ ಒಂದಿಷ್ಟು ಹೇಳಬಲ್ಲೆ. ಪೈಪ್ ತಂಬಾಕಿನಲ್ಲಿ ತಳಿಯಷ್ಟೇ ಅದನ್ನು ಹದ ಮಾಡುವ ಬಗೆಯೂ ಮುಖ್ಯ.

ವರ್ಜೀನಿಯಾ: ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ನಾವು ಬೆಳೆಯೋದು ಇದನ್ನೇ. ಎಲೆಗಳನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಕೊಳವೆಗಳ ಬಿಸಿಯಲ್ಲಿ 5-6 ದಿನ ಬೇಯಿಸ್ತಾರೆ. ಹೊಗೆ ಎಲೆಗೆ ತಾಗಲ್ಲ. ಎಲೆ ಹಳದಿಯಾಗುತ್ತೆ, ಸಕ್ಕರೆ ಅಂಶ ಉಳಿಯುತ್ತೆ. ಒಣಹುಲ್ಲಿನಂಥ ಸಿಹಿ ಘಮ.

ಬರ್ಲಿ: ಇದಕ್ಕೆ ಬೆಂಕಿಯೇ ಬೇಡ. ನೆರಳಲ್ಲಿ, ಗಾಳಿಗೆ ವಾರಗಟ್ಟಲೆ ಒಣಗುತ್ತೆ. ಸಕ್ಕರೆ ಬಹುಪಾಲು ಹೋಗಿಬಿಡುತ್ತೆ. ಮೇಲಿನಿಂದ ಹಾಕಿದ ಸುವಾಸನೆಯನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತೆ.

ಲಟಾಕಿಯಾ: ಸಿರಿಯಾದ ಬಂದರು ಊರಿನ ಹೆಸರು, ಈಗ ಹೆಚ್ಚಾಗಿ ಬರೋದು ಸೈಪ್ರಸ್‌ನಿಂದ. ಇದನ್ನು ಕಟ್ಟಿಗೆ ಹೊಗೆಯಲ್ಲೇ ಹದ ಮಾಡ್ತಾರೆ. ಸೌದೆ ಒಲೆಯ ಮೇಲಿನ ಅಟ್ಟದ ವಾಸನೆ ಅನ್ನಿ. ಇದು ಸೇರಿದರೆ 'ಇಂಗ್ಲಿಷ್ ಬ್ಲೆಂಡ್'.

ಪೆರೀಕ್: ಅಮೆರಿಕದ ಲೂಸಿಯಾನಾದ್ದು. ಪೀಪಾಯಿಯಲ್ಲಿ ಒತ್ತಿ, ತಿಂಗಳುಗಟ್ಟಲೆ ಹುಳಿ ಬರಿಸ್ತಾರೆ. ಮೆಣಸಿನ ಖಾರ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ವರ್ಜೀನಿಯಾ ಜೊತೆ ಒಂಚೂರು ಸಾಕು.

ಕ್ಯಾವೆಂಡಿಷ್: ಇದು ತಳಿಯಲ್ಲ, ವಿಧಾನ. ಎಲೆಗೆ ಆವಿ ಮತ್ತು ಒತ್ತಡ ಕೊಟ್ಟು ಮೆತ್ತಗೆ ಮಾಡೋದು. ಅದಕ್ಕೆ ವೆನಿಲ್ಲಾ, ಚೆರ್ರಿ ಸೇರಿಸಿದರೆ 'ಅರೋಮ್ಯಾಟಿಕ್'. ಗೆಳೆಯನ ಡಬ್ಬಿಯಲ್ಲಿರೋದು ಇದೇ. ಪಕ್ಕದಲ್ಲಿ ಕೂತವರಿಗೆ ಬೇಕರಿಯ ಪರಿಮಳ. ಸೇದುವವನ ಬಾಯಿಗೆ ಅಷ್ಟು ರುಚಿ ಸಿಗಲ್ಲ. ತೇವ ಜಾಸ್ತಿಯಿದ್ದರೆ ನಾಲಿಗೆಯೂ ಉರಿಯುತ್ತೆ.

ಇಷ್ಟು ಕೇಳಿ ಅವನು ಹೇಳಿದ್ದು: "ನಾನು ಹೊಗೆ ಒಳಗೆ ಎಳ್ಕೊಳ್ಳಲ್ವಲ್ಲ, ಬಾಯಲ್ಲಿಟ್ಕೊಂಡು ಬಿಡ್ತೀನಿ. ಏನೂ ಆಗಲ್ಲ."

ಆಗ ಅವನಿಗೆ ನಮ್ಮೂರ ಮಳೆಗಾಲದ ಕತೆ ಹೇಳಿದೆ. ಒದ್ದೆ ಸೊಪ್ಪು ಮುರಿದ ದಿನ ನಮ್ಮವ್ವನಿಗೆ ತಲೆಸುತ್ತು, ವಾಂತಿ. ರಾತ್ರಿ ಊಟ ಸೇರ್ತಿರಲಿಲ್ಲ. ಅವ್ವ ಒಂದು ಬೀಡಿಯನ್ನೂ ಮುಟ್ಟಿದವಳಲ್ಲ. ಎಲೆಯ ಮೇಲಿನ ನೀರಿಗೆ ಇಳಿದ ನಿಕೋಟಿನ್ ಚರ್ಮದ ಮೂಲಕವೇ ರಕ್ತ ಸೇರುತ್ತೆ. ವೈದ್ಯರು ಇದಕ್ಕೆ 'ಗ್ರೀನ್ ಟೊಬ್ಯಾಕೊ ಸಿಕ್‌ನೆಸ್' ಅಂತಾರೆ. ಅಂಗೈಯ ದಪ್ಪ ಚರ್ಮವನ್ನೇ ದಾಟುವ ವಸ್ತುವಿಗೆ ಬಾಯಿಯ ತೆಳು ಪದರ ಯಾವ ಲೆಕ್ಕ?

ಅದರಲ್ಲೂ ಬ್ಲೆಂಡ್ ವ್ಯತ್ಯಾಸ ಇದೆ. ವರ್ಜೀನಿಯಾದಂಥ ಎಲೆಯ ಹೊಗೆ ಆಮ್ಲೀಯ. ಅದರ ನಿಕೋಟಿನ್ ಬಾಯಲ್ಲಿ ಸುಲಭವಾಗಿ ಇಳಿಯಲ್ಲ, ಅದಕ್ಕೇ ಸಿಗರೇಟಿನವರು ಎದೆಗೆ ಎಳೆಯೋದು. ಗಾಳಿಯಲ್ಲಿ ಒಣಗಿಸಿದ ಎಲೆಯ ಹೊಗೆ ಕ್ಷಾರದ ಕಡೆಗೆ ವಾಲಿರುತ್ತೆ. ಅದರ ನಿಕೋಟಿನ್‌ಗೆ ಬಾಯಿಯೇ ಸಾಕು. ಸಾಲದ್ದಕ್ಕೆ, ಸಿಗರೇಟಿನಿಂದ ಪೈಪ್‌ಗೆ ಬಂದವರಲ್ಲಿ ಅನೇಕರು ಹಳೇ ಅಭ್ಯಾಸದಂತೆ ಹೊಗೆಯನ್ನು ಒಳಗೇ ಎಳೀತಾರೆ. ಬಾಯಿ, ತುಟಿ, ಗಂಟಲಿನ ಕ್ಯಾನ್ಸರ್ ವಿಷಯದಲ್ಲಂತೂ ಯಾವ ಬ್ಲೆಂಡೂ ವಿನಾಯಿತಿ ಕೊಡಲ್ಲ.

ಗೆಳೆಯ ಇನ್ನೂ ಪೈಪ್ ಬಿಟ್ಟಿಲ್ಲ. ಆದರೆ "ಏನೂ ಆಗಲ್ಲ" ಅನ್ನೋದನ್ನು ಬಿಟ್ಟಿದ್ದಾನೆ.

ನಿಮ್ಮಲ್ಲೂ ಯಾರಾದರೂ ಸಿಗರೇಟು ಬಿಡೋಕೆ ಹೊರಟು ಪೈಪ್ ಹತ್ತಿರ ನಿಂತಿದ್ದರೆ, ಇನ್ನೊಂದು ಹೆಜ್ಜೆ ಮುಂದಿಡಿ. 1800-11-2356, ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ. ಕರೆ ಉಚಿತ.