ಬ್ಯಾಟರಿಗಿಂತ ತೊಟ್ಟಿ ಲೇಸು

ಸೋಲಾರ್ ಹಾಕಿಸಿ, ಹಗಲು ಬ್ಯಾಟರಿ ತುಂಬಿಸಿಟ್ಟು ರಾತ್ರಿ ಮೋಟರು ಓಡಿಸಬಹುದಲ್ಲ ಅಂತ ನಮ್ಮೂರ ಹುಡುಗರು ಕೇಳ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಕೂಡೋ ಕಳೆಯೋ ಲೆಕ್ಕ ಬರುತ್ತೆ, ನೋಡಿ.

5 ಎಚ್.ಪಿ. ಮೋಟರು ಗಂಟೆಗೆ ಹೆಚ್ಚುಕಮ್ಮಿ 4 ಯೂನಿಟ್ ತಿನ್ನುತ್ತೆ. ಐದು ಗಂಟೆಗೆ 20 ಯೂನಿಟ್. ಮನೆಯಲ್ಲಿ ಇಡುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ತುಂಬಿದರೆ 1.8 ಯೂನಿಟ್. ಸೀಸದ ಬ್ಯಾಟರಿಯನ್ನು ದಿನಾ ತಳದವರೆಗೆ ಬಳಸಿದರೆ ಬೇಗ ಸಾಯುತ್ತೆ, ಅರ್ಧಕ್ಕೇ ನಿಲ್ಲಿಸಬೇಕು. ಕೈಗೆ ಸಿಗೋದು 0.9 ಯೂನಿಟ್. ಅಲ್ಲಿಗೆ ಒಂದು ರಾತ್ರಿಯ ನೀರಿಗೆ 22ಕ್ಕೂ ಹೆಚ್ಚು ಬ್ಯಾಟರಿ! ಮೋಟರು ಶುರುವಾಗುವಾಗಿನ ಎಳೆತ ತಡೆಯೋ ಇನ್ವರ್ಟರ್ ಬೇರೆ. ರಾಗಿ, ಶೇಂಗಾ ಬೆಳೆಯೋನಿಗೆ ಆಗೋ ಮಾತಾ ಇದು? ಲಿಥಿಯಂ ಬ್ಯಾಟರಿಯಲ್ಲಿ ರೂಪಾಯಿಗೆ ಹದಿಮೂರಾಣೆಯಷ್ಟು ಬಳಸಬಹುದು, ನೀರು ಹಾಕೋ ಕಾಟವೂ ಇಲ್ಲ. ಆದರೆ ಮೋಟರಿಗೆ ಸಾಕಾಗುವಷ್ಟು ಕೊಳ್ಳೋದು ನಮ್ಮಂಥವರ ಕೈಗೆ ಎಟುಕದು.

ದೀಪಕ್ಕಾದರೆ ಬ್ಯಾಟರಿ ಒಳ್ಳೇದೇ. ನನ್ನ ಮೊದಲನೇ ಬ್ಯಾಟರಿಯನ್ನು ನಾನೇ ಕೊಂದೆ. ಡಿಸ್ಟಿಲ್ಡ್ ವಾಟರ್ ತರಲು ಪೇಟೆಗೆ ಹೋಗೋದ್ಯಾರು ಅಂತ ಬೋರಿನ ನೀರನ್ನೇ ಹಾಕಿದೆ. ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಗೇ ಬಿಳಿ ಪೊರೆ ಕಟ್ಟುತ್ತೆ, ಇನ್ನು ಸೀಸದ ಪ್ಲೇಟು ಬಾಳುತ್ತಾ? ಎರಡು ವರ್ಷಕ್ಕೇ ಗುಜರಿ ಪಾಲಾಯಿತು. ಮನೆಯವಳು ಇವತ್ತಿಗೂ ಅದನ್ನು ಆಡ್ತಾಳೆ.

ಸೋಲಾರ್ ಪಂಪಿಗೆ ಬ್ಯಾಟರಿಯೇ ಬೇಕಿಲ್ಲ. ಬೆಳಿಗ್ಗೆ ಸಣ್ಣಗೆ ಶುರುವಾಗಿ, ಬಿಸಿಲೇರಿದಂತೆ ಜೋರಾಗುತ್ತೆ. ಮೋಡ ಬಂದರೆ ಇಳಿಯುತ್ತೆ. ಈ ಏರಿಳಿತದ ನೀರನ್ನು ನೇರ ಸಾಲಿಗೆ ಬಿಟ್ಟರೆ ಕೊನೇ ಸಾಲು ಒಣಗುತ್ತೆ. ಹೊಲದ ಎತ್ತರದ ಮೂಲೆಯಲ್ಲಿ ತೊಟ್ಟಿ ಕಟ್ಟಿ, ಹಗಲೆಲ್ಲ ಅದಕ್ಕೆ ಎತ್ತಿ, ಸಂಜೆ ತೂಬು ಬಿಚ್ಚಿದರೆ ಸರಿ. ಅದಕ್ಕೆ ಆಸಿಡ್ಡೂ ಬೇಡ, ಇನ್ವರ್ಟರೂ ಬೇಡ. ಆದರೆ ಬಿಸಿಲು ಪುಕ್ಕಟೆ ಅಂತ ತೊಟ್ಟಿ ತುಂಬಿದ ಮೇಲೂ ಎತ್ತಬೇಡಿ, ಬೋರು ಉಳಿಯಬೇಕಲ್ಲ.

2019ರಲ್ಲಿ ಬಂದ ಕುಸುಮ್ ಯೋಜನೆ ಸೋಲಾರ್ ಪಂಪಿಗೆ ಸಹಾಯಧನ ಕೊಡುತ್ತೆ. ಅದರ ಜೊತೆಗೇ ತೊಟ್ಟಿಗೂ ಒಂದಿಷ್ಟು ಸೇರಿಸಿ ಕೊಡಬೇಕು ಅನ್ನೋದು ನನ್ನ ವಾದ.

ಇನ್ನೊಂದು ಮಾತು. ಪಾವಗಡದ ಸೋಲಾರ್ ಪಾರ್ಕು 13,000 ಎಕರೆಯದು, 2,050 ಮೆಗಾವಾಟಿನದು. ಅಲ್ಲಿ ಕರೆಂಟು ಹುಟ್ಟೋದು ಹಗಲು. ನಾವು ಎಷ್ಟು ವರ್ಷ ರಾತ್ರಿ ತ್ರೀ ಫೇಸ್ ಕಾಯುತ್ತಾ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ನಡೆದಿಲ್ಲ? ಹಗಲು ಹುಟ್ಟಿದ್ದನ್ನು ಹಗಲೇ ಹೊಲಕ್ಕೆ ಕೊಡಲಿ.

ನಿಮ್ಮಲ್ಲಿ ತೊಟ್ಟಿ ಕಟ್ಟಿದವರಿದ್ದರೆ ಅಳತೆ ಎಷ್ಟು, ಖರ್ಚೆಷ್ಟು ಬಂತು ಅಂತ ಪತ್ರಿಕೆಗೆ ಬರೀರಿ.