ಚಹಾ ಬಿಡಬೇಕಿಲ್ಲ, ಹೊತ್ತು ಅರಿತರೆ ಸಾಕು

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆ ಯಾವ ಸದ್ಭಕ್ತರ ಮನೆಗೆ ಹೋದರೂ ಕುಶಲ ಪ್ರಶ್ನೆಯ ಹಿಂದೆಯೇ ಬರುವ ಮಾತು, "ಒಂಚೂರು ಟೀ ಕುಡೀರಿ" ಎಂಬುದು. ಬೇಡವೆಂದರೆ ಮನೆಯವರ ಮುಖ ಬಾಡುತ್ತದೆ. ಆ ಪ್ರೀತಿಯನ್ನು ನಾವು ಬಲ್ಲೆವು; ಚಹಾದ ರುಚಿಯನ್ನೂ ಬಲ್ಲೆವು. ಆದ್ದರಿಂದ ಚಹಾವನ್ನು ನಿಂದಿಸುವುದು ಈ ಬರಹದ ಉದ್ದೇಶವಲ್ಲ. ಯಾವ ಚಹಾ, ಯಾವ ಹೊತ್ತಿಗೆ, ಎಷ್ಟು ಎಂಬ ವಿವೇಕ ನಮ್ಮ ಮನೆಗಳಲ್ಲಿ ಮೂಡಬೇಕೆಂಬುದಷ್ಟೇ ನಮ್ಮ ಕಳಕಳಿ.

ಚಹಾ ನಮ್ಮ ಅಡುಗೆಮನೆಗೆ ಬಂದು ಬಹಳ ಕಾಲವಾಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ತೋಟಗಳ ಚಹಾ ಬಹುಪಾಲು ಹಡಗೇರಿ ಹೊರದೇಶಗಳಿಗೆ ಹೋಗುತ್ತಿತ್ತು. 1903ರಲ್ಲಿ ಬ್ರಿಟಿಷ್ ಸರ್ಕಾರವು ಚಹಾ ರಫ್ತಿನ ಮೇಲೆ ಸುಂಕ ವಿಧಿಸಿ, ಆ ಹಣದಿಂದ ಚಹಾದ ಪ್ರಚಾರ ಕೈಗೊಂಡಿತು. 1930ರ ದಶಕದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿ.ಟಿ.ಸಿ. ಯಂತ್ರ ಬಂದಿತು. ಸ್ವಲ್ಪ ಪುಡಿಗೇ ಹೆಚ್ಚು ಬಣ್ಣ, ಹೆಚ್ಚು ಕಡುತನ ಕೊಡುವ ಅಗ್ಗದ ಹರಳು ಚಹಾ ಊರೂರಿಗೂ ತಲುಪಿದ್ದು ಆ ನಂತರ. ಅದಕ್ಕೆ ಮುನ್ನ ಬಂದವರ ಕೈಗೆ ನಮ್ಮ ಹಿರಿಯರು ನೀಡುತ್ತಿದ್ದುದು ನೀರುಮಜ್ಜಿಗೆಯನ್ನು, ಬೆಲ್ಲದ ಪಾನಕವನ್ನು.

ಈಗ ಚಿಂತಿಸಬೇಕಾದ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಇದಕ್ಕೆ ಕಾರಣಗಳು ಹಲವು. ಚಹಾವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಚಹಾದ ಒಗರು ಹಿಡಿದಿಟ್ಟು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಕಬ್ಬಿಣಾಂಶವಿರುವುದೇ ಸುಮಾರು 4.6 ಮಿಲಿಗ್ರಾಂ. ಮುದ್ದೆ ಉಂಡು ಕೈ ತೊಳೆದೊಡನೆ ಲೋಟ ಎತ್ತಿದರೆ, ಆ ಅಲ್ಪದಲ್ಲಿಯೂ ಒಂದು ಪಾಲು ವ್ಯರ್ಥವಾಗುತ್ತದೆ.

ನಮ್ಮ ಸೀಮೆಯ ರೇಷ್ಮೆ ಮನೆಗಳನ್ನು ನೋಡಿದವರಿಗೆ ಇದರ ತೂಕ ತಿಳಿಯುತ್ತದೆ. ನಾಲ್ಕನೆಯ ಜ್ವರದಿಂದೆದ್ದ ಹುಳು ಗೂಡು ಕಟ್ಟುವವರೆಗಿನ ಏಳೆಂಟು ದಿನ ಮನೆಯ ತಾಯಂದಿರಿಗೆ ಹಗಲಿರುಳಿಲ್ಲ. ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಭಾಗವನ್ನು ಹುಳು ತಿನ್ನುವುದು ಆ ದಿನಗಳಲ್ಲಿಯೇ. ಹುಳುವಿನ ಹೊಟ್ಟೆಯನ್ನು ಹೊತ್ತುಹೊತ್ತಿಗೆ ತುಂಬಿಸುವ ತಾಯಿ ತನ್ನ ಊಟವನ್ನು ಮಾತ್ರ ಒಂದು ಲೋಟ ಚಹಾ, ಎರಡು ಬಿಸ್ಕತ್ತಿಗೆ ಮುಗಿಸುತ್ತಾಳೆ. ಕಾಯಕ ದೊಡ್ಡದು ನಿಜ. ಕಾಯಕ ಮಾಡುವ ಕಾಯವನ್ನು ಬರಿದು ಮಾಡಿಕೊಳ್ಳುವುದು ಸಲ್ಲದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಇದಕ್ಕೆ ಸುಲಭವಾದ ದಾರಿ ತೋರಿಸಿದೆ: ಊಟಕ್ಕೆ ಒಂದು ಗಂಟೆ ಮುಂಚೆ ಹಾಗೂ ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದೆಂದೂ ಅದು ಹೇಳಿದೆ. ಒಂದು ಲೋಟ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗೆ ಎಂದಿಗೂ ನುಂಗಬಾರದು. ಊಟದ ತಟ್ಟೆಗೆ ನಿಂಬೆಯ ಹೋಳೊಂದನ್ನು ಹಿಂಡಿಕೊಂಡರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಹೊತ್ತು ಅರಿತವರು ರುಚಿಯನ್ನೂ ಅರಿಯಬಹುದು. ನಮಗೆ ಮೆಚ್ಚಾದ ಕೆಲವು ಹದಗಳನ್ನು ಹೇಳುತ್ತೇವೆ.

ಬೆಳಗಿನ ತಿಂಡಿಯಾಗಿ ಗಂಟೆ ಕಳೆದ ಮೇಲೆ ಶುಂಠಿ-ಏಲಕ್ಕಿ ಚಹಾ. ಜಜ್ಜಿದ ಹಸಿಶುಂಠಿಯನ್ನು ನೀರಿನಲ್ಲಿ ಮೊದಲು ಕುದಿಸಿ, ಆಮೇಲೆ ಪುಡಿ ಹಾಕಿ, ಕೊನೆಗೆ ಕಾದ ಹಾಲು ಬೆರೆಸಬೇಕು. ಬೆಲ್ಲ ಬೇಕೆಂದರೆ ಒಲೆಯಿಂದ ಇಳಿಸಿದ ಮೇಲೆ ಹಾಕುವುದು ಒಳ್ಳೆಯದು. ಕುದಿಯುವಾಗ ಹಾಕಿದರೆ ಹಾಲು ಒಡೆದೀತು. ಬೆಲ್ಲವೂ ಸಿಹಿಯೇ ಎಂಬುದನ್ನು ಮರೆಯಬಾರದು. ಲೋಟಕ್ಕೆ ಎರಡು ಚಮಚದಂತೆ ಐದು ಲೋಟ ಕುಡಿದರೆ 40ರಿಂದ 50 ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ದಿನಕ್ಕೆ 25 ಗ್ರಾಮಿಗೆ ಇಳಿಸಿದರೆ ಹೆಚ್ಚು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಧ್ಯಾಹ್ನದ ಬಿಡುವಿಗೆ ಹಾಲಿಲ್ಲದ ಎಲೆ ಚಹಾ. ನೀಲಗಿರಿಯ ಅಥವಾ ನಮ್ಮ ಚಿಕ್ಕಮಗಳೂರು ಬೆಟ್ಟಗಳ ಎಲೆಯನ್ನು ಕುದಿಸಬೇಕಿಲ್ಲ. ಕುದಿದಿಳಿದ ನೀರಿನಲ್ಲಿ ಮೂರು ನಿಮಿಷ ನೆನೆಸಿ ಸೋಸಿ, ತುಸು ಆರಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಬಣ್ಣವೂ ತಿಳಿಯಾಗುತ್ತದೆ, ಬಾಯಿಗೂ ಹಗುರ.

ಸಂಜೆಗೆ ಕೊತ್ತಂಬರಿ ಬೀಜ, ಜೀರಿಗೆ, ತುಸು ಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿದ ಕಷಾಯ. ಇದರಲ್ಲಿ ಕೆಫೀನ್ ಇಲ್ಲವಾದ್ದರಿಂದ ನಿದ್ರೆಗೆ ಭಂಗವಿಲ್ಲ. ಹಿತ್ತಿಲಿನಲ್ಲಿ ಮಜ್ಜಿಗೆ ಹುಲ್ಲು ಇದ್ದರೆ ಎರಡು ಗರಿ ಸೇರಿಸಿದರೆ ಪರಿಮಳ ಮನೆಯೆಲ್ಲ ಹರಡುತ್ತದೆ.

ಕೊನೆಯದು ನಮ್ಮ ಹೊಲದ ಬದುವಿನಲ್ಲಿಯೇ ಇರುವುದು, ಹಿಪ್ಪುನೇರಳೆ. ಜಪಾನಿನ ಐಸಾಯ್ ಎಂಬ ಬೌದ್ಧ ಭಿಕ್ಷು 1211ರಲ್ಲಿ ಚಹಾ ಹಾಗೂ ಆರೋಗ್ಯವನ್ನು ಕುರಿತು ಗ್ರಂಥ ಬರೆದಾಗ ಮೊದಲ ಭಾಗವನ್ನು ಚಹಾಕ್ಕೆ, ಎರಡನೆಯದನ್ನು ಹಿಪ್ಪುನೇರಳೆಗೆ ಮೀಸಲಿಟ್ಟನು. ಇಂದಿಗೂ ಜಪಾನ್, ಕೊರಿಯಾಗಳಲ್ಲಿ ಇದರ ಎಲೆಯ ಪಾನೀಯ ಬಳಕೆಯಲ್ಲಿದೆ. ರಾಮನಗರದ ಮಾರುಕಟ್ಟೆಗೆ ಗೂಡು ಹೊರುವ ನಾವು ಮಾತ್ರ ಆ ಎಲೆಯನ್ನು ಹುಳುವಿಗಷ್ಟೇ ಎಂದುಕೊಂಡಿದ್ದೇವೆ. ಎಳೆಯ ಎಲೆಗಳನ್ನು ತೊಳೆದು, ಹೆಚ್ಚಿ, ಒಂದು ನಿಮಿಷ ಹಬೆಯಲ್ಲಿಟ್ಟು, ನೆರಳಿನಲ್ಲಿ ಒಣಗಿಸಿ, ಬಾಣಲೆಯಲ್ಲಿ ಹಗುರವಾಗಿ ಹುರಿದಿಡಬೇಕು. ಲೋಟ ಬಿಸಿನೀರಿಗೆ ಒಂದು ಚಮಚ, ಐದು ನಿಮಿಷ, ಅಷ್ಟೇ. ಇದರಲ್ಲಿರುವ ಡಿ.ಎನ್.ಜೆ. ಎಂಬ ಅಂಶ ಪಿಷ್ಟವು ಸಕ್ಕರೆಯಾಗುವ ವೇಗವನ್ನು ತಗ್ಗಿಸುತ್ತದೆ. ಹಾಗೆಂದು ಇದು ಮಧುಮೇಹದ ಮಾತ್ರೆಗೆ ಬದಲಲ್ಲ. ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕುಡಿಯಬಾರದು. ಔಷಧಿ ಸಿಂಪಡಿಸಿದ ತೋಟದ ಎಲೆಯನ್ನು ಮುಟ್ಟಲೂಬಾರದು. ಹುಳುವಿಗೆ ಯೋಗ್ಯವಲ್ಲದ ಎಲೆ ಮನುಷ್ಯನಿಗೂ ಯೋಗ್ಯವಲ್ಲ.

ಎಲೆಯ ಪಾನೀಯಗಳಲ್ಲಿಯೂ ಸ್ವಲ್ಪ ಒಗರು ಇದ್ದೇ ಇರುತ್ತದೆ. ಆದ್ದರಿಂದ ಊಟದಿಂದ ಒಂದು ಗಂಟೆ ದೂರ ಎಂಬ ನಿಯಮ ಎಲ್ಲಕ್ಕೂ ಒಪ್ಪುತ್ತದೆ.

ಮನೆಯ ಗಂಡಸರಲ್ಲಿ ನಮ್ಮದೊಂದು ವಿನಂತಿ. ಹುಳು ಮಾಗುವ ದಿನಗಳಲ್ಲಿ ಸೊಪ್ಪು ಹಾಕುವ ಕೆಲಸವನ್ನು ಒಂದು ಹೊತ್ತು ನೀವು ವಹಿಸಿಕೊಂಡು, ತಾಯಿಯನ್ನೋ ಮಡದಿಯನ್ನೋ ಕೂರಿಸಿ ಬಿಸಿ ಮುದ್ದೆ ಬಡಿಸಿರಿ. ಗಂಟೆ ಕಳೆದ ಮೇಲೆ ಚಹಾ ಕಾಸುವ ಕೈಯೂ ನಿಮ್ಮದಾಗಲಿ. ದಾಸೋಹ ಮಠದ ಪಂಕ್ತಿಯಲ್ಲಿ ಮಾತ್ರ ನಡೆಯಬೇಕೆಂದೇನಿಲ್ಲ. ನಮ್ಮ ಮನೆಯ ಒಲೆಯ ಮುಂದೆಯೂ ನಡೆಯಬಹುದು.